ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆ ಕಾರಿನ ವೈರಿಂಗ್ ಬಿಡಿಸಿದ ಕಥೆ

ಎಡಗಡೆಯ ಬ್ರೇಕ್ ಲೈಟ್ ಉರಿಯುತ್ತಿರಲಿಲ್ಲ. ಬಲಗಡೆಯದು ಚೆನ್ನಾಗಿಯೇ ಉರಿಯುತ್ತಿತ್ತು. ಬಲ್ಬ್ ಹೋಗಿರಬೇಕು ಅಂತ ಹೊಸದು ಹಾಕಿದೆ. ಉರಿಯಲಿಲ್ಲ. ಹೊಸ ಬಲ್ಬೇ ಕೆಟ್ಟಿರಬಹುದು ಅಂತ ಇನ್ನೊಂದು ಹಾಕಿದೆ. ಅದೂ ಇಲ್ಲ. ಆಮೇಲೆ ಪೆಡಲ್ ಮೇಲಿರುವ ಬ್ರೇಕ್ ಸ್ವಿಚ್ ಬದಲಾಯಿಸಿದೆ. ಎರಡೂ ಲೈಟಿಗೆ ಕರೆಂಟ್ ಹೋಗುವುದು ಒಂದೇ ಸ್ವಿಚ್ಚಿನಿಂದ. ಬಲಗಡೆಯದು ಉರಿಯುತ್ತಿದೆ ಅಂದಮೇಲೆ ಸ್ವಿಚ್ ಸರಿಯಾಗಿದೆ ಅಂತ ತಾನೇ? ಇಷ್ಟು ಸಣ್ಣ ಲೆಕ್ಕ ಆಗ ನನ್ನ ತಲೆಗೆ ಹೋಗಲಿಲ್ಲ.

ಕಾರಿಗೆ 26 ವರ್ಷ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಸೊರಗಿದ್ದು ವೈರಿಂಗ್ ಮಾತ್ರ. ತೊಂದರೆ ಒಂದೇ ಆಗಿದ್ದರೆ ಹೇಗೋ ಇರಬಹುದಿತ್ತು. ಎರಡು ರಾತ್ರಿ ನಿಲ್ಲಿಸಿದರೆ ಬ್ಯಾಟರಿ ಮಲಗಿಬಿಡುತ್ತಿತ್ತು. ಹತ್ತು ಹದಿನೈದು ದಿನಕ್ಕೊಮ್ಮೆ ಪಾರ್ಕಿಂಗ್ ಲೈಟಿನ ಫ್ಯೂಸ್ ಸುಡುತ್ತಿತ್ತು, ಯಾವಾಗ ಅನ್ನುವುದಕ್ಕೆ ಲೆಕ್ಕವೇ ಇಲ್ಲ. ಹೆಡ್‌ಲೈಟ್ ಅಂತೂ ನಾನು ಕಾರು ತಗೊಂಡಾಗಿನಿಂದ ಮಂಕು. ಬ್ಯಾಟರಿ ಹಳೆಯದಾಯಿತು ಅಂದುಕೊಂಡು ಹೊಸದು ತಂದೆ. ಮೂರನೇ ದಿನ ಬೆಳಿಗ್ಗೆ ಹೊಸದೂ ಮಲಗಿತ್ತು. ಸೆಲ್ಫ್ ಹೊಡೆದರೆ ಟಕ್ ಟಕ್ ಅನ್ನುವ ಸದ್ದು, ಅಷ್ಟೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೂರು ವಾರ ನಾನು ಮಾಡಿದ್ದು ಅದನ್ನೇ. ಬರೆ ಹಾಕಿಸಿಕೊಂಡ ಎಮ್ಮೆಗಳು ಎರಡು ಬಲ್ಬ್, ಒಂದು ಸ್ವಿಚ್, ಒಂದು ಬ್ಯಾಟರಿ, ಜೊತೆಗೆ ಯಾಕೆ ಬದಲಾಯಿಸಿದೆ ಅಂತ ಈಗಲೂ ನೆನಪಾಗದ, ಇಂಡಿಕೇಟರ್ ಮಿಣುಕಿಸುವ ಒಂದು ಫ್ಲ್ಯಾಶರ್. ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಬಾನೆಟ್ ಎತ್ತಿ ಅರ್ಧ ನಿಮಿಷ ನೋಡಿ, "ಪೂರ್ತಿ ವೈರಿಂಗ್ ಹೊಸದು ಎಳೀಬೇಕು" ಅಂದರು. ಅರ್ಧ ನಿಮಿಷದಲ್ಲಿ ಅಷ್ಟು ದೊಡ್ಡ ತೀರ್ಮಾನವಾ ಅಂತ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ವೋಲ್ಟ್, ಆಂಪಿಯರ್ ಎಲ್ಲ ಅಳೆಯುವ ಒಂದು ಮಲ್ಟಿಮೀಟರ್ ಕೊಂಡೆ.

ಮೊದಲ ಸುಳಿವು ಕೊಟ್ಟಿದ್ದು ಮೀಟರ್ ಅಲ್ಲ, ನನ್ನ ತಂಗಿ. ನಾನು ಕಾರಿನ ಹಿಂದೆ ಕೂತು ಲೈಟ್ ನೋಡುತ್ತಿದ್ದೆ. ಬ್ರೇಕ್ ಒತ್ತಲು ಅವಳನ್ನು ಕೂರಿಸಿದ್ದೆ. "ಒತ್ತು", "ಬಿಡು", "ಒತ್ತು" ಅಂತ ಹತ್ತು ನಿಮಿಷ ನಡೆಯಿತು. ಆಮೇಲೆ ಒಳಗಿನಿಂದಲೇ ಕೂಗಿದಳು: "ಅಣ್ಣಾ, ಬ್ರೇಕ್ ಒತ್ತಿದಾಗೆಲ್ಲ ಇಲ್ಲಿ ಇಂಡಿಕೇಟರ್ ಬಾಣ ಮಿಣುಕ್ತಾ ಇದೆಯಲ್ಲ, ಅದು ಹಾಗೇ ಇರೋದಾ?"

ಹಾಗೆ ಇರಬಾರದು. ಹೋಗಿ ನೋಡಿದೆ. ಬ್ರೇಕ್ ಒತ್ತಿದರೆ ಡ್ಯಾಶ್‌ಬೋರ್ಡಿನ ಎಡಗಡೆಯ ಬಾಣ ಆರುವ ಕೆಂಡದ ಹಾಗೆ ಉರಿಯುತ್ತಿತ್ತು. ಇಳಿದು ಮುಂದೆ ಹೋಗಿ ನೋಡಿದರೆ ಎಡ ಇಂಡಿಕೇಟರ್ ಬಲ್ಬಿನ ತಂತಿಯೂ ಮಂದವಾಗಿ ಕೆಂಪಗಿದೆ. ಹಿಂದಿನ ಬ್ರೇಕ್ ಲೈಟಿಗೆ ಹೋಗಬೇಕಾದ ಕರೆಂಟ್ ಮುಂದಿನ ಇಂಡಿಕೇಟರಿನಲ್ಲಿ ಏನು ಮಾಡುತ್ತಿದೆ?

ಅಲ್ಲಿಯವರೆಗೆ ನಾನು ಕರೆಂಟ್ ಹೋಗುವ ದಾರಿಯನ್ನಷ್ಟೇ ಹುಡುಕಿದ್ದೆ. ಅದು ವಾಪಸ್ ಬರಬೇಕು ಅನ್ನುವುದನ್ನು ಮರೆತಿದ್ದೆ. ಹಳೆ ಕಾರಿನಲ್ಲಿ ಬಲ್ಬಿಗೆ ಹೋಗುವ ವೈರ್ ಕಣ್ಣಿಗೆ ಕಾಣುತ್ತದೆ. ವಾಪಸ್ ಬರುವುದು ಕಾರಿನ ತಗಡಿನ ಮೂಲಕ. ಬ್ಯಾಟರಿಯ ನೆಗೆಟಿವ್ ಅನ್ನು ದಪ್ಪ ಕೇಬಲ್ಲಿನಿಂದ ಆ ತಗಡಿಗೆ ಕಟ್ಟಿರುತ್ತಾರೆ. ಪ್ರತಿ ಲೈಟಿನಿಂದ ಒಂದು ಚಿಕ್ಕ ವೈರ್ ಹತ್ತಿರದ ತಗಡಿಗೆ ಬೋಲ್ಟ್ ಆಗಿರುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಅರ್ಥ್ ಅನ್ನುವುದು. ಈ ಚಿಕ್ಕ ವೈರ್ ಕೈಕೊಟ್ಟರೆ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ. ಬೇರೆ ಯಾವ ಸಂದು ಸಿಕ್ಕಿದರೂ ಅದರಲ್ಲಿ ನುಗ್ಗುತ್ತದೆ. ನನ್ನ ಕಾರಿನಲ್ಲಿ ಬ್ರೇಕ್ ಬಲ್ಬ್ ದಾಟಿದ ಕರೆಂಟ್ ಅದೇ ಗೂಡಿನ ಇಂಡಿಕೇಟರ್ ಬಲ್ಬಿಗೆ ಹಿಂಬಾಗಿಲಿನಿಂದ ಹೊಕ್ಕು, ಅಲ್ಲಿಂದ ಉದ್ದದ ವೈರ್ ಹಿಡಿದು ಮುಂದಿನ ಇಂಡಿಕೇಟರಿಗೆ ಬಂದು, ಅದರ ಅರ್ಥ್ ಮೂಲಕ ಮನೆ ಸೇರುತ್ತಿತ್ತು. ಮೂರು ಬಲ್ಬ್ ಸಾಲಾಗಿ ನಿಂತು 12 ವೋಲ್ಟನ್ನು ಹಂಚಿಕೊಂಡರೆ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಎಲ್ಲವೂ ಮಿಣುಕುತ್ತವೆ ಅಷ್ಟೇ.

ಅರ್ಥ್ ಬಗ್ಗೆ ಅರ್ಥ ಆದ ಮೇಲೂ ಅರ್ಧ ದಿನ ಹಾಳಾಯಿತು. ಕಾರಣ ಮೀಟರಿನ ಬೀಪ್. ಬಲ್ಬ್ ಹೋಲ್ಡರಿನ ಅರ್ಥ್ ತುದಿಗೂ ಬ್ಯಾಟರಿ ನೆಗೆಟಿವ್‌ಗೂ ಮಧ್ಯೆ ಸಂಪರ್ಕ ಇದೆಯಾ ಅಂತ ನೋಡಿದೆ. ಬೀಪ್ ಅಂತು. ಹಾಗಾದರೆ ಅರ್ಥ್ ಸರಿ ಇದೆ ಅಂತ ಬೇರೆ ಕಡೆ ಹುಡುಕಲು ಹೋದೆ. ಅಲ್ಲೇ ತಪ್ಪಿದ್ದು. ಆ ಬೀಪ್ ದಾರಿಯಲ್ಲಿ ಹತ್ತಿಪ್ಪತ್ತು ಓಮ್ ತಡೆ ಇದ್ದರೂ ಕೂಗುತ್ತದೆ. 21 ವ್ಯಾಟ್‌ನ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಬರೀ ನಾಲ್ಕೈದು ಓಮ್ ಅಡ್ಡ ಬಂದರೂ ಅದರ ಕಥೆ ಮುಗಿಯಿತು. ಮೀಟರ್ ಕಳಿಸುವ ಕರೆಂಟ್ ತೀರಾ ಚೂರು. ಒಂದೇ ಒಂದು ಎಳೆ ಅಂಟಿಕೊಂಡಿದ್ದರೂ ಅದು ಆರಾಮಾಗಿ ದಾಟುತ್ತದೆ. ಕಾಲುಸಂಕದ ಮೇಲೆ ಬೆಕ್ಕು ದಾಟಿತು ಅಂತ ಎತ್ತಿನ ಗಾಡಿ ಹೊಡೆದ ಹಾಗೆ ನನ್ನ ಪರೀಕ್ಷೆ.

ಸರಿಯಾದ ಪರೀಕ್ಷೆ ಬೇರೆ. ಲೈಟ್ ಉರಿಯಬೇಕಾದ ಹೊತ್ತಿನಲ್ಲೇ, ಅಂದರೆ ಕರೆಂಟ್ ಹರಿಯುತ್ತಿರುವಾಗಲೇ, ಅಳೆಯಬೇಕು. ಮೀಟರನ್ನು ವೋಲ್ಟ್‌ಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಒಂದು ಉದ್ದ ವೈರ್ ಹಾಕಿ ಸೇರಿಸಿದೆ. ಕೆಂಪು ಕಡ್ಡಿಯನ್ನು ಹೋಲ್ಡರಿನ ಅರ್ಥ್ ತುದಿಗೆ ಹಿಡಿದೆ. ಬ್ರೇಕ್ ಬಿಟ್ಟಾಗ 0.00. ತಂಗಿ ಬ್ರೇಕ್ ಒತ್ತಿದಳು. 5.8.

ಅರ್ಥ್ ಚೆನ್ನಾಗಿದ್ದರೆ ಅಲ್ಲಿ 0.1 ವೋಲ್ಟ್ ಬಂದರೆ ಹೆಚ್ಚು. ಬಂದಿದ್ದು 5.8. ಹನ್ನೆರಡರಲ್ಲಿ ಅರ್ಧದಷ್ಟು ವಾಪಸ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಬಲಗಡೆಯದನ್ನೂ ಅಳೆದೆ, 0.06. ಅಳತೆ ಅಂದರೆ ಇದು. ಊಹೆ ಇಲ್ಲ, "ಇರಬಹುದು" ಇಲ್ಲ. ಮೂರು ವಾರದಲ್ಲಿ ಮೊದಲ ಸಲ ಎತ್ತು ಯಾವುದು ಅಂತ ಗೊತ್ತಾಯಿತು.

ಆಮೇಲಿನದು ಬರೀ ಕೈಕೆಲಸ. ಡಿಕ್ಕಿಯ ಒಳಗೋಡೆಯ ಹಲಗೆ ಬಿಚ್ಚಿದೆ. ಎಡ ಮೂಲೆಯಲ್ಲಿ ಒಂದು ಬೋಲ್ಟ್, ಅದರ ಕೆಳಗೆ ಮೂರು ವೈರಿನ ಥಿಂಬಲ್, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆ. ಲೈಟಿನ ರಬ್ಬರ್ ಬೀಡಿಂಗ್ ಒಣಗಿ ಸೀಳಿತ್ತು. ವರ್ಷಗಟ್ಟಲೆ ಮಳೆನೀರು ಅಲ್ಲಿಂದ ಇಳಿದು ಆ ಬೋಲ್ಟಿನ ಮೇಲೆಯೇ ತೊಟ್ಟಿಕ್ಕಿದೆ. ತಗಡಿಗೆ ತುಕ್ಕು, ಥಿಂಬಲ್‌ಗೆ ಹಸಿರು ಕಿಲುಬು. ಬೋಲ್ಟ್ ತಿರುಗಿಸಿದರೆ ಥಿಂಬಲ್ ಅರ್ಧ ನನ್ನ ಕೈಯಲ್ಲೇ ಪುಡಿಯಾಯಿತು. ವೈರಿನ ತುದಿ ಸ್ವಲ್ಪ ಕತ್ತರಿಸಿ ಹೊಸ ಥಿಂಬಲ್ ಹಾಕೋಣ ಅಂತ ಸಿಪ್ಪೆ ಸುಲಿದೆ. ಒಳಗೆ ತಾಮ್ರ ಕಪ್ಪಗಿತ್ತು. ಇನ್ನೂ ಸ್ವಲ್ಪ ಕತ್ತರಿಸಿದೆ, ಅಲ್ಲೂ ಕಪ್ಪು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತಾಮ್ರದ ಎಳೆಗಳ ನಡುವೆ ನೀರು ಏರುತ್ತದೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೆ ನಗುತ್ತಿರುತ್ತದೆ. ಫಳಫಳ ಹೊಳೆಯುವ ತಾಮ್ರ ಸಿಗುವ ಹೊತ್ತಿಗೆ ಹತ್ತು ಸೆಂಟಿಮೀಟರ್ ವೈರ್ ಕಸದಬುಟ್ಟಿ ಸೇರಿತ್ತು.

ತಗಡನ್ನು ಉಪ್ಪುಕಾಗದದಿಂದ ಬೆಳ್ಳಗಾಗುವವರೆಗೆ ಉಜ್ಜಿದೆ. ಬಣ್ಣದ ಮೇಲೆ ಬೋಲ್ಟ್ ಬಿಗಿದರೆ ಕರೆಂಟ್ ದಾಟುವುದಿಲ್ಲ, ಬಣ್ಣವೂ ಪ್ಲಾಸ್ಟಿಕ್ಕಿನ ಹಾಗೆಯೇ ತಡೆ. ಹೊಸ ಥಿಂಬಲ್ ಒತ್ತಿ, ಬಿಗಿದು, ಮೇಲೆ ಗ್ರೀಸ್ ಬಳಿದೆ. ಗ್ರೀಸ್ ಕರೆಂಟ್‌ಗಾಗಿ ಅಲ್ಲ, ನೀರು ದೂರ ಇಡಲು. ಬೀಡಿಂಗ್ ಹೊಸದು ಹಾಕಿದೆ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪಾಡು. ಬ್ರೇಕ್ ಒತ್ತಿಸಿ ಅಳೆದೆ, 0.04. ಲೈಟ್ ಉರಿಯಿತು ಅನ್ನುವುದನ್ನು ತಂಗಿ ಹೇಳಿದ ಮೇಲೆಯೇ ಗಮನಿಸಿದ್ದು. ನಾನು ಮೀಟರನ್ನೇ ನೋಡುತ್ತಾ ಕೂತಿದ್ದೆ.

ಬ್ಯಾಟರಿ ಮಲಗುವ ಕಾಯಿಲೆಗೆ ಮಾತ್ರ ತಂಗಿಯ ಸಹಾಯ ಬೇಕಾಗಲಿಲ್ಲ, ತಾಳ್ಮೆ ಬೇಕಾಯಿತು.

ಕಾರು ನಿಂತಿರುವಾಗ ಯಾರೋ ಕರೆಂಟ್ ಕದಿಯುತ್ತಿದ್ದಾರೆ. ಎಷ್ಟು ಅಂತ ಮೊದಲು ತಿಳಿಯಬೇಕು. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ಮಧ್ಯೆ ಮೀಟರನ್ನು ಕೂರಿಸಬೇಕು. ಆಗ ಕಾರಿಗೆ ಹೋಗುವ ಎಲ್ಲ ಕರೆಂಟೂ ಮೀಟರ್ ದಾಟಿಯೇ ಹೋಗುತ್ತದೆ. ಯಾವತ್ತೂ ನೆಗೆಟಿವ್ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಪಕ್ಕದ ತಗಡಿಗೆ ತಾಗಿದರೆ ನೇರ ಶಾರ್ಟ್, ಸ್ಪ್ಯಾನರೇ ಕೆಂಪಗಾಗುತ್ತದೆ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಬೇಕು. ಮೀಟರ್ ಮಧ್ಯೆ ಇರುವಾಗ ಸೆಲ್ಫ್ ಹೊಡೆಯಬಾರದು. ಸ್ಟಾರ್ಟರ್ ಎಳೆಯುವುದು ನೂರಕ್ಕೂ ಜಾಸ್ತಿ ಆಂಪಿಯರ್, ಮೀಟರ್ ತಾಳುವುದು ಹತ್ತು.

ಬಾಗಿಲು ತೆರೆದಿದ್ದರೆ ಒಳಗಿನ ಲೈಟ್ ಉರಿಯುತ್ತದಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ಬಾಗಿಲಿನ ಗುಂಡಿಯನ್ನು ಒತ್ತಿ ಟೇಪ್ ಸುತ್ತಿದೆ. ಮೀಟರ್ 0.36 ಆಂಪಿಯರ್ ತೋರಿಸಿತು. ಗಡಿಯಾರ, ರೇಡಿಯೋದ ಮೆಮೊರಿ ಎಲ್ಲ ಸೇರಿ ಹಳೆ ಕಾರು 0.03 ಎಳೆದರೆ ಸಹಜ, 0.05 ದಾಟಿದರೆ ಅನುಮಾನ ಪಡಬೇಕು. 0.36 ಅಂದರೆ ದಿನಕ್ಕೆ 8.6 ಆಂಪಿಯರ್ ಅವರ್. ನನ್ನ ಬ್ಯಾಟರಿ 35ರದು. ಸಣ್ಣ ಓಡಾಟದಲ್ಲಿ ಅದು ಪೂರ್ತಿ ಚಾರ್ಜ್ ಆಗುತ್ತಲೂ ಇರಲಿಲ್ಲ. ಎರಡು ರಾತ್ರಿಯ ಲೆಕ್ಕ ಸರಿಹೋಯಿತು. ಹೊಸ ಬ್ಯಾಟರಿ ತಂದಿದ್ದು ಒಡೆದ ಕೊಡಕ್ಕೆ ಹೊಸ ನೀರು ತುಂಬಿದ ಹಾಗೆ.

ಫ್ಯೂಸ್ ಒಂದೊಂದಾಗಿ ಕಿತ್ತು ಮೀಟರ್ ನೋಡುವುದು ಮುಂದಿನ ಹೆಜ್ಜೆ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಕಳ್ಳ ಆ ದಾರಿಯಲ್ಲಿ. ಕಿತ್ತ ಫ್ಯೂಸನ್ನು ಎಲ್ಲಿಂದ ಕಿತ್ತೆ ಅಂತ ಬರೆದಿಡಬೇಕು. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್ ಅಂತ ಬಣ್ಣದ ಗುರುತು ಇದ್ದರೂ ನನ್ನ ಪೆಟ್ಟಿಗೆಯಲ್ಲಿ ಹಿಂದಿನವರು ಮನಸ್ಸಿಗೆ ಬಂದದ್ದನ್ನು ಹಾಕಿದ್ದರು. ಹಾರ್ನಿಗೆ 30ರದ್ದು ಸಿಕ್ಕಿತು. ಒಂದು ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು. ಅದನ್ನು ನೋಡಿ ಒಂದು ನಿಮಿಷ ಮಾತೇ ಬರಲಿಲ್ಲ. ಫ್ಯೂಸ್ ಸುಡುವುದು ವೈರ್ ಸುಡಬಾರದು ಅಂತ. ಅದಕ್ಕೆ ಬೆಳ್ಳಿ ಕಾಗದ ಸುತ್ತಿದರೆ ಸುಡುವ ಪಾಳಿ ವೈರಿನದು, ಆಮೇಲೆ ಕಾರಿನದು.

ಗಡಿಯಾರದ ಫ್ಯೂಸ್ ಕಿತ್ತಾಗ 0.02 ಇಳಿಯಿತು. ಉಳಿದವು ಏನೂ ಇಲ್ಲ. ಎಲ್ಲ ಫ್ಯೂಸ್ ಮೇಜಿನ ಮೇಲಿವೆ, ಮೀಟರ್ ಇನ್ನೂ 0.34 ತೋರಿಸುತ್ತಿದೆ. ಕಾರಿನಲ್ಲಿ ದೆವ್ವ ಇದೆ ಅನ್ನಿಸುವುದು ಇಂಥ ಹೊತ್ತಿನಲ್ಲೇ.

ಬೇಸರದಲ್ಲಿ ಮೀಟರ್ ತೆಗೆದೆ. ಬ್ಯಾಟರಿ ಎಷ್ಟು ವೋಲ್ಟ್ ಇದೆ ನೋಡೋಣ ಅಂತ ಎರಡು ಕಡ್ಡಿಯನ್ನು ಎರಡು ತುದಿಗೆ ಹಿಡಿದೆ. ಚಟ್ ಅಂತ ಕಿಡಿ. ಕೆಂಪು ಕಡ್ಡಿ ಇನ್ನೂ 10 ಆಂಪಿಯರ್ ತೂತಿನಲ್ಲೇ ಇತ್ತು. ಆ ತೂತಿನಿಂದ ಅಳೆದರೆ ಮೀಟರ್ ಬರೀ ಒಂದು ತುಂಡು ವೈರಿನ ಹಾಗೆ. ಬ್ಯಾಟರಿಯನ್ನು ನಾನೇ ಶಾರ್ಟ್ ಮಾಡಿದ್ದೆ. ಮೀಟರಿನ ಒಳಗಿನ ಫ್ಯೂಸ್ ತನ್ನ ಪ್ರಾಣ ಕೊಟ್ಟು ಮೀಟರನ್ನೂ ನನ್ನನ್ನೂ ಉಳಿಸಿತು. ಅವತ್ತಿನ ಕೆಲಸ ಅಲ್ಲಿಗೆ ನಿಂತಿತು. ಈಗ ಆಂಪಿಯರ್ ಅಳೆದ ತಕ್ಷಣ ಬೇರೆ ಏನೂ ಮಾಡದೆ ಕಡ್ಡಿಯನ್ನು ವೋಲ್ಟ್ ತೂತಿಗೆ ಹಾಕುತ್ತೇನೆ, ಆಮೇಲೆಯೇ ಮೀಟರ್ ಕೆಳಗಿಡುವುದು.

ಫ್ಯೂಸ್ ಪೆಟ್ಟಿಗೆ ದಾಟದೆ ನೇರ ಬ್ಯಾಟರಿಯಿಂದ ಹೋಗುವ ವೈರ್ ಯಾವುವು? ಸ್ಟಾರ್ಟರಿನ ದಪ್ಪ ಕೇಬಲ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಆಲ್ಟರ್ನೇಟರ್ ಒಳಗೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಕೆಟ್ಟರೂ ಹೀಗೆ ಕರೆಂಟ್ ಹಿಂದಕ್ಕೆ ಸೋರುತ್ತದೆ. ಮಾರನೇ ದಿನ ಅದರ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆದೆ. ಅಂಕಿ ಅಲುಗಲಿಲ್ಲ. ಆಗ ಪಾಸಿಟಿವ್ ಕ್ಲಾಂಪನ್ನು ಚೆನ್ನಾಗಿ ಒರೆಸಿ ನೋಡಿದೆ. ಎರಡು ದಪ್ಪ ಕೇಬಲ್ ನಡುವೆ ಇನ್ನೊಂದು ತೆಳ್ಳಗಿನ ಕೆಂಪು ವೈರ್ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಎಣ್ಣೆ ಧೂಳು ಮೆತ್ತಿ ಅದರ ಬಣ್ಣ ಕೂಡ ಕೇಬಲ್ಲಿನ ಬಣ್ಣವೇ ಆಗಿಹೋಗಿತ್ತು. ಕಂಪನಿಯವರು ಹಾಕಿದ್ದಲ್ಲ. ಫ್ಯೂಸೂ ಇಲ್ಲ.

ಅದನ್ನು ಹಿಡಿದು ಹೊರಟೆ. ಎಂಜಿನ್ ಗೋಡೆಯ ತೂತು ದಾಟಿ ಡ್ಯಾಶ್‌ಬೋರ್ಡಿನ ಹಿಂದೆ ಹೋಯಿತು. ಸೀಟಿನ ಕೆಳಗೆ ತಲೆ, ಸ್ಟೀರಿಂಗ್ ಮೇಲೆ ಕಾಲು. ಈ ಭಂಗಿಯಲ್ಲಿ ಟಾರ್ಚನ್ನು ಬಾಯಲ್ಲಿ ಕಚ್ಚಿ ಕೈ ಹಾಕಿದರೆ ಏನೋ ಬೆಚ್ಚಗೆ ತಾಗಿತು. ರಾತ್ರಿಯೆಲ್ಲ ನಿಂತ ಕಾರು, ಬೆಳಗಿನ ಚಳಿ, ಎಲ್ಲ ತಗಡೂ ತಣ್ಣಗೆ. ಇದೊಂದು ಮಾತ್ರ ಬೆಚ್ಚಗೆ. ಹೊರಗೆ ಎಳೆದರೆ ಹಳೆಯ ಕಳ್ಳರ ಅಲಾರಂ ಪೆಟ್ಟಿಗೆ. ಸೈರನ್ ಯಾವಾಗಲೋ ಕಿತ್ತುಹೋಗಿದೆ, ರಿಮೋಟ್ ನಾನು ನೋಡಿಯೇ ಇಲ್ಲ. ಪೆಟ್ಟಿಗೆ ಮಾತ್ರ ತನ್ನ ಪಾಡಿಗೆ ಕಾವಲು ಕಾಯುತ್ತಿತ್ತು. ಒಳಗೆ ನೀರು ಹೋಗಿ ಎರಡು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್, ಹಗಲೂ ರಾತ್ರಿ ಎಳೆದುಕೊಂಡೇ ನಿಂತಿದ್ದವು. ಒಂದು ರಿಲೇ ಸುರುಳಿಗೆ 0.15 ಆಂಪಿಯರ್ ಬೇಕು, ಎರಡಕ್ಕೆ 0.30. ಉಳಿದ ಚಿಲ್ಲರೆ ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಹಲಗೆಯದು. ಕಳ್ಳರಿಂದ ಕಾಪಾಡಲು ಇಟ್ಟ ಪೆಟ್ಟಿಗೆಯೇ ಕಳ್ಳ. ಕಿತ್ತು ಹಾಕಿದ ಮೇಲೆ ಮೀಟರ್ 0.02ಕ್ಕೆ ಬಂತು. ಮೂರು ದಿನ ನಿಲ್ಲಿಸಿ ಅಳೆದೆ, ಬ್ಯಾಟರಿ 12.6 ವೋಲ್ಟ್. ಪೂರ್ತಿ ಚಾರ್ಜ್ ಅಂದರೆ ಅಷ್ಟೇ.

ಹಳೆ ಕಾರಿನ ಒಂದು ಸುಖ ಇಲ್ಲಿ ಹೇಳಬೇಕು. ಒಂದು ವೈರಿಗೆ ಒಂದೇ ಕೆಲಸ. ಬಾಷ್ ಕಂಪನಿ 1986ರಲ್ಲಿ ಕ್ಯಾನ್ ಬಸ್ ಅನ್ನುವ ಪದ್ಧತಿ ತಂದಿತು. ಎರಡೇ ವೈರಿನ ಮೇಲೆ ಕಾರಿನ ಎಲ್ಲ ಪೆಟ್ಟಿಗೆಗಳೂ ಮಾತಾಡಿಕೊಳ್ಳುವ ಏರ್ಪಾಡು ಅದು. ಅಂಥ ಕಾರಿನಲ್ಲಿ ಕೀಲಿ ತೆಗೆದ ಮೇಲೂ ಪೆಟ್ಟಿಗೆಗಳು ಮಲಗಲು ಬಹಳ ಹೊತ್ತು ತಗೊಳ್ಳುತ್ತವೆ, ಅಲ್ಲಿಯವರೆಗೆ ಅಳೆದ ಅಂಕಿಗೆ ಬೆಲೆ ಇಲ್ಲ. ನನ್ನ ಕಾರಿನಲ್ಲಿ ಮಾತಾಡುವವರು ಯಾರೂ ಇಲ್ಲ. ವೈರ್ ಹಿಡಿದು ನಡೆದರೆ ಎಲ್ಲಿಗೋ ತಲುಪುತ್ತೇವೆ.

ಇನ್ನು ಫ್ಯೂಸ್ ಸುಡುವ ವಿಷಯ. ಯಾವಾಗಲೋ ಒಮ್ಮೆ ಆಗುವ ಶಾರ್ಟನ್ನು ಹುಡುಕುವುದು ಕಷ್ಟ. ಫ್ಯೂಸ್ ಹಾಕಿ ಕಾದರೆ ಅದು ಸುಟ್ಟಾಗ ನಾವು ರಸ್ತೆಯಲ್ಲಿ ಇರುತ್ತೇವೆ. ಇದಕ್ಕೆ ಹಳೆಯ ಎಲೆಕ್ಟ್ರಿಷಿಯನ್‌ಗಳ ಒಂದು ಉಪಾಯ ಇದೆ, ನನಗೆ ಈ ಇಡೀ ಕೆಲಸದಲ್ಲಿ ಅತಿ ಇಷ್ಟವಾಗಿದ್ದು ಅದೇ. ಫ್ಯೂಸ್ ಕಿತ್ತು ಅದರ ಜಾಗದಲ್ಲಿ ಒಂದು 21 ವ್ಯಾಟ್‌ನ ಬಲ್ಬ್ ಸೇರಿಸುವುದು. ಮುಂದೆ ಎಲ್ಲೋ ಶಾರ್ಟ್ ಆದರೆ ಬಲ್ಬ್ ಝಗ್ಗನೆ ಪೂರ್ತಿ ಉರಿಯುತ್ತದೆ. ಎಷ್ಟೇ ಶಾರ್ಟ್ ಆದರೂ ಬಲ್ಬ್ 1.75 ಆಂಪಿಯರ್‌ಗಿಂತ ಜಾಸ್ತಿ ಬಿಡುವುದಿಲ್ಲ, ವೈರ್ ಸುಡುವ ಭಯ ಇಲ್ಲ. ಪಾರ್ಕಿಂಗ್ ಲೈಟಿನ ಬಲ್ಬುಗಳನ್ನೆಲ್ಲ ಮೊದಲು ತೆಗೆದೆ, ಇಲ್ಲದಿದ್ದರೆ ಅವುಗಳ ಕರೆಂಟಿಗೇ ನನ್ನ ಬಲ್ಬ್ ಉರಿದು ಗೊಂದಲ ಮಾಡುತ್ತದೆ. ಲೈಟ್ ಸ್ವಿಚ್ ಹಾಕಿದೆ. ಬಲ್ಬ್ ಆರಿಯೇ ಇತ್ತು.

ಈಗ ಕಾರನ್ನು ಅಲ್ಲಾಡಿಸುತ್ತಾ ಹೋಗುವುದು. ಮುಂದಿನ ಲೈಟಿನ ಕಪ್ಲರ್ ಅಲುಗಿಸಿದೆ, ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಗುದ್ದಿದೆ, ಇಲ್ಲ. ಹಿಂದಿನ ಡಿಕ್ಕಿ ಬಾಗಿಲು ಎತ್ತಿದೆ. ಅರ್ಧಕ್ಕೆ ಬಂದಾಗ ಬಲ್ಬ್ ಫಳ್ ಅಂದು ಆರಿತು. ಇನ್ನೊಮ್ಮೆ ಇಳಿಸಿ ಎತ್ತಿದೆ. ಅದೇ ಎತ್ತರದಲ್ಲಿ ಮತ್ತೆ ಫಳ್. ಒಬ್ಬನೇ ನಗುತ್ತಾ ಏಳೆಂಟು ಸಲ ಬಾಗಿಲು ಎತ್ತಿ ಇಳಿಸಿದೆ.

ನಂಬರ್ ಪ್ಲೇಟಿನ ಲೈಟಿಗೆ ಹೋಗುವ ವೈರ್ ಬಾಗಿಲಿನ ಕೀಲಿನ ಹತ್ತಿರ ಒಂದು ರಬ್ಬರ್ ಕೊಳವೆಯೊಳಗೆ ದಾಟುತ್ತದೆ. ಬಾಗಿಲು ಎತ್ತಿದಾಗಲೆಲ್ಲ ಅಲ್ಲಿ ಮಡಚುತ್ತದೆ. 26 ವರ್ಷದ ಮಡಚಾಟ. ಪ್ಲಾಸ್ಟಿಕ್ ಹೊದಿಕೆ ವಯಸ್ಸಾದಂತೆ ಗಡುಸಾಗುತ್ತದೆ, ಒಂದು ದಿನ ಬಿರಿಯುತ್ತದೆ. ಕೊಳವೆ ಜಾರಿಸಿ ನೋಡಿದರೆ ಐದರಲ್ಲಿ ಮೂರು ವೈರ್ ಬರಿಮೈ. ಒಂದಂತೂ ಎರಡೇ ಎಳೆಯ ಮೇಲೆ ನೇತಾಡುತ್ತಿತ್ತು. ಬಾಗಿಲು ಅರ್ಧ ಎತ್ತಿದಾಗ ಬರಿಮೈ ತಾಮ್ರ ತಗಡಿಗೆ ಮುತ್ತಿಡುತ್ತಿತ್ತು.

ಮುರಿದ ಜಾಗದಲ್ಲೇ ಜೋಡಿಸಿ ಟೇಪ್ ಸುತ್ತಿದರೆ ಕೆಲಸ ಹತ್ತು ನಿಮಿಷ. ಆದರೆ ಜೋಡಿಸಿದ ಜಾಗ ಗಡುಸು, ಮಡಚಿದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಅದಕ್ಕೆ ಮಡಚುವ ಭಾಗ ಪೂರ್ತಿ ಕತ್ತರಿಸಿ ತೆಗೆದೆ. ಅಲ್ಲಿ ತೆಳ್ಳನೆಯ ಎಳೆಗಳು ಜಾಸ್ತಿ ಇರುವ ಮೆತ್ತಗಿನ ವೈರಿನ ಹೊಸ ತುಂಡು. ಒಂದು ಜಾಯಿಂಟ್ ಬಾಗಿಲಿನ ಒಳಗೆ, ಇನ್ನೊಂದು ಚಾವಣಿಯ ಒಳಗೆ, ಎರಡೂ ಅಲುಗದ ಜಾಗ. ಐದು ಜಾಯಿಂಟ್ ಒಂದೇ ಸಾಲಿನಲ್ಲಿ ಬರದ ಹಾಗೆ ಹಿಂದೆ ಮುಂದೆ ಕತ್ತರಿಸಿದೆ. ಇಲ್ಲದಿದ್ದರೆ ಕುತ್ತಿಗೆ ಗಂಟಿನ ಹಾಗೆ ದಪ್ಪಗಾಗಿ ಕೊಳವೆಯೊಳಗೆ ನುಗ್ಗುವುದಿಲ್ಲ. ಬೆಸುಗೆ ಹಾಕಬೇಕೋ, ಲೋಹದ ಕೊಳವೆಯಲ್ಲಿ ತೂರಿಸಿ ಒತ್ತಿ ಬಿಗಿಯಬೇಕೋ, ಅಂದರೆ ಕ್ರಿಂಪ್ ಮಾಡಬೇಕೋ ಅನ್ನುವುದು ದೊಡ್ಡ ಜಗಳ. ಅಲುಗಾಡುವ ಕಾರಿಗೆ ಒಳ್ಳೆಯ ಕ್ರಿಂಪ್ ಮೇಲು ಅಂತ ನನ್ನ ಮತ. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿ ಮಾಡುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲಿ ಮುರಿಯುತ್ತದೆ. ಹತ್ತು ಜಾಯಿಂಟಿನಲ್ಲಿ ಎರಡು ಸಲ ಜಾಯಿಂಟ್ ಮುಚ್ಚುವ ಸ್ಲೀವ್ ಮೊದಲು ತೂರಿಸುವುದನ್ನೇ ಮರೆತೆ. ಜೋಡಿಸಿ ಮುಗಿದ ಮೇಲೆ ಸ್ಲೀವ್ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿರುತ್ತದೆ. ಕತ್ತರಿಸಿ ಮತ್ತೆ ಮೊದಲಿಂದ.

ಹೆಡ್‌ಲೈಟ್ ಮಂಕು ಅನ್ನುವುದಕ್ಕೂ ಅದೇ ಅಳತೆಯ ದಾರಿ ಹಿಡಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬಿನ ಹಿಂದೆ 12.0. ವೋಲ್ಟ್ ಶೇಕಡಾ 15 ಕಮ್ಮಿಯಾದರೆ ಬೆಳಕು ಅಷ್ಟೇ ಕಮ್ಮಿಯಾಗುವುದಿಲ್ಲ. ಫಿಲಮೆಂಟ್ ಬಲ್ಬಿನಲ್ಲಿ ಅದು ಶೇಕಡಾ 40ರಷ್ಟು ಬೀಳುತ್ತದೆ. ಕಳೆದುಹೋದ 2.1 ವೋಲ್ಟಿನಲ್ಲಿ 0.4 ಅರ್ಥ್ ಕಡೆ, ಉಳಿದ 1.7 ಹೋಗುವ ದಾರಿಯಲ್ಲಿ. ಎರಡು ಬಲ್ಬಿನ ಒಂಬತ್ತು ಹತ್ತು ಆಂಪಿಯರ್ ಪೂರ್ತಿ ಸ್ಟೀರಿಂಗ್ ಪಕ್ಕದ ಡಿಮ್ ಡಿಪ್ ಸ್ವಿಚ್ಚಿನ ಉಗುರಿನಷ್ಟು ಸಂಪರ್ಕದ ಮೇಲೆಯೇ ಹೋಗುತ್ತಿತ್ತು. ಅರ್ಧ ಗಂಟೆ ಲೈಟ್ ಹಾಕಿದರೆ ಸ್ವಿಚ್ ಬೆಚ್ಚಗಾಗುತ್ತಿತ್ತು. ಆ ಬಿಸಿಯೇ ನನ್ನ ಬೆಳಕು.

ಇದಕ್ಕೆ ರಿಲೇ ಹಾಕಿದೆ. ಸ್ವಿಚ್ ಈಗ ರಿಲೇಯ ಸುರುಳಿಯನ್ನಷ್ಟೇ ನಡೆಸುತ್ತದೆ, ಬಲ್ಬಿಗೆ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ, ಫ್ಯೂಸ್ ದಾಟಿ, ನೇರ. ರಿಲೇಯ ಕಾಲುಗಳ ಮೇಲೆ ಬರೆದ ಅಂಕಿ ಸುಮ್ನೆ ಬರೆದದ್ದಲ್ಲ, ಡಿಐಎನ್ 72552 ಅನ್ನುವ ಜರ್ಮನ್ ಮಾನಕದಿಂದ ಬಂದದ್ದು. 85 ಮತ್ತು 86 ಸುರುಳಿ, 30 ಬ್ಯಾಟರಿಯಿಂದ, 87 ಬಲ್ಬಿಗೆ. ಹೈ ಬೀಮ್‌ಗೆ ಒಂದು, ಲೋ ಬೀಮ್‌ಗೆ ಒಂದು, ಒಟ್ಟು ಎರಡು. ಈಗ ಬಲ್ಬಿನ ಹಿಂದೆ 13ಕ್ಕೂ ಮೇಲೆ.

ಕೊನೆಗೆ ಲೆಕ್ಕ ಹಾಕಿದರೆ ಬದಲಾಯಿಸಿದ ಹಳೆ ವೈರ್ ಒಂದು ಹಿಡಿ ಇತ್ತು. ಅಲಾರಂ ಪೆಟ್ಟಿಗೆಯ ಜೊತೆ ಕಿತ್ತದ್ದು ಒಂದು ಬುಟ್ಟಿ, ಅದರಲ್ಲಿ ಕಂಪನಿಯ ವೈರ್ ಒಂದೂ ಇಲ್ಲ. ಪೂರ್ತಿ ವೈರಿಂಗ್ ಎಳೆಯಬೇಕು ಅಂದವರನ್ನು ಆಮೇಲೆ ಒಮ್ಮೆ ಕಂಡೆ. ಏನೂ ಹೇಳಲಿಲ್ಲ. ಹಿಂದಿನಿಂದ ಬರುತ್ತಿದ್ದ ಅವರಿಗೆ ಕಾಣಲಿ ಅಂತ ಎರಡು ಸಲ ಬ್ರೇಕ್ ಒತ್ತಿದೆ, ಅಷ್ಟೇ.

ಡ್ಯಾಶ್‌ಬೋರ್ಡಿನ ಹಿಂದೆ ಒಂದು ನೀಲಿ ವೈರ್ ಮಾತ್ರ ಉಳಿದಿದೆ. ಬಿಳಿ ಗೆರೆಯ ನೀಲಿ. ಒಂದು ತುದಿ ಗಾಳಿಯಲ್ಲಿ, ಇನ್ನೊಂದು ತುದಿ ಕಟ್ಟಿನೊಳಗೆ ಹೋಗಿ ಮಾಯ. ಕೀಲಿ ತಿರುಗಿಸಿ ಅಳೆದೆ, ತಿರುಗಿಸದೆ ಅಳೆದೆ, ಎಲ್ಲ ಸ್ವಿಚ್ ಹಾಕಿ ಅಳೆದೆ, ಯಾವಾಗಲೂ ಸೊನ್ನೆ. ಅರ್ಥ್ ಕೂಡ ಅಲ್ಲ. ತುದಿಗೆ ಸ್ಲೀವ್ ಹಾಕಿ, "ಗೊತ್ತಿಲ್ಲ" ಅಂತ ಚೀಟಿ ಅಂಟಿಸಿ, ಪಕ್ಕಕ್ಕೆ ಕಟ್ಟಿಟ್ಟಿದ್ದೇನೆ.